ಆರನೇ ಸಾಲಿನ ಮೂರು ಕುರ್ಚಿ

ಹೊಸವರ್ಷದ ಬ್ಯಾಲೆಗೆ ಎವೆಲಿನಾ ರೊಮಾನೊವ್ನ ನಾಲ್ಕು ಟಿಕೆಟ್ ತಂದಿದ್ದಳು. ಮೂರು ಕೆಳಗೆ, ಆರನೇ ಸಾಲಿನಲ್ಲಿ, ಒಂದರ ಪಕ್ಕ ಒಂದು: ತನಗೆ, ಮಗ ಗ್ಲೆಬ್‌ಗೆ, ಒಂಬತ್ತು ವರ್ಷದ ಮೊಮ್ಮಗಳು ಉಲ್ಯಾಗೆ. ನಾಲ್ಕನೆಯದು ಮೇಲೆ ಬಾಲ್ಕನಿಯಲ್ಲಿ. ಅದು ಸೊಸೆ ರಿಮ್ಮಾಳ ಪಾಲು. ಒಟ್ಟಿಗೆ ಸಿಗಲಿಲ್ಲವಂತೆ. ಅದೇ ರಂಗಮಂದಿರದಲ್ಲಿ ಇಪ್ಪತ್ತು ವರ್ಷ ನರ್ತಕಿಯರ ಹಿಂದಿನ ಸಾಲಿನಲ್ಲಿ ಕುಣಿದು ಪಿಂಚಣಿ ಪಡೆದ ಹೆಂಗಸಿಗೆ ನಾಲ್ಕು ಕುರ್ಚಿ ಒಟ್ಟಿಗೆ ಸಿಗಲಿಲ್ಲ ಅಂದರೆ ಯಾರಾದರೂ ನಂಬಬೇಕೆ?

"ನೀನು ಮನೇಲೇ ಇದ್ದು ಸಲಾಡಿಗೆ ತರಕಾರಿ ಹೆಚ್ಕೋಬಹುದಿತ್ತು," ಸೊಸೆಗೆ ಅಂದಿದ್ದಳು. ಆ ಮಾತಿಗೇ ರಿಮ್ಮಾ ಹಟಕ್ಕೆ ಬಿದ್ದು ಬಂದಳು.

ಕೋಟು ಒಪ್ಪಿಸುವ ಕಟ್ಟೆಯ ಮುಂದೆ ಎಲ್ಲರಂತೆ ಅವಳೂ ಬೆಂಚಿನ ಮೇಲೆ ಕೂತು, ಹಿಮದ ಬೂಟು ಕಳಚಿ, ಚೀಲದಿಂದ ಷೂ ತೆಗೆದಳು. ಮದುವೆ ಕಾಲದ ಷೂ. ಕಾಲು ತೂರಿಸುವಷ್ಟರಲ್ಲಿ ಬೆವರಿಳಿಯಿತು. ಅತ್ತೆ ಎದುರಿಗೇ ನೆಟ್ಟಗೆ ನಿಂತು ನೋಡುತ್ತಿದ್ದಳು. ಅರವತ್ತೆಂಟು ತುಂಬಿದರೂ ಅದೇ ಕತ್ತು, ಅದೇ ಸೊಂಟ. ಬಾಯಿ ಬಿಡದೆಯೇ ಚುಚ್ಚುವ ವಿದ್ಯೆ ಆಕೆಗೆ ಚೆನ್ನಾಗಿ ಬರುತ್ತಿತ್ತು. ರಿಮ್ಮಾ ಬಾಡಿಗೆಗೆ ಒಂದು ದುರ್ಬೀನು ಪಡೆದಳು. ದುರ್ಬೀನು ಪಡೆದವರಿಗೆ ಕೊನೆಯಲ್ಲಿ ಸರದಿಯಿಲ್ಲದೆ ಕೋಟು ಸಿಗುತ್ತದೆ. ಬೇಗ ಇಲ್ಲಿಂದ ಹೊರಬಿದ್ದರೆ ಸಾಕಿತ್ತು ಅವಳಿಗೆ.

ಶರತ್ಕಾಲದಿಂದಲೂ ಮನೆಯಲ್ಲಿ ಇದೇ ರಗಳೆ. ಉಲ್ಯಾಗೆ ಹತ್ತು ತುಂಬುತ್ತಲೇ ಬ್ಯಾಲೆ ಶಾಲೆಗೆ ಸೇರಿಸಬೇಕೆಂದು ಅತ್ತೆಯ ಪಟ್ಟು. ಐನೂರು ಕಿಲೋಮೀಟರ್ ಆಚೆಯ ಹಾಸ್ಟೆಲು, ದಿನ ಬೆಳಗಾದರೆ ತೂಕ ನೋಡುವುದು, ಅರೆಹೊಟ್ಟೆ, ಮನೆಗೆ ಬರುವುದು ವರ್ಷಕ್ಕೆರಡು ಸಲ. ನಾನು ಸತ್ತ ಮೇಲೆ ಕರೆದುಕೊಂಡು ಹೋಗಿ ಎಂದು ರಿಮ್ಮಾ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಗ್ಲೆಬ್ ಬಾಯಿಗೆ ಬೀಗ ಹಾಕಿಕೊಂಡಿದ್ದ. ಉಲ್ಯಾಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಪರದೆ ಎದ್ದಿತು. ದೊಡ್ಡ ಮರ, ಇಲಿಗಳ ದಂಡು, ಆಮೇಲೆ ಬೆಳ್ಳಗಿನ ಹುಡುಗಿಯರು, ಕಾಗದದ ಹಿಮ. ರಿಮ್ಮಾಳ ದುರ್ಬೀನು ವೇದಿಕೆ ಬಿಟ್ಟು ಆರನೇ ಸಾಲಿನ ಮೇಲೇ ನಿಂತಿತ್ತು. ಹಿಮದ ಕುಣಿತ ಮುಗಿಯುವ ಮುಂಚೆಯೇ ಅತ್ತೆ ಎದ್ದಳು. ಉಲ್ಯಾಳ ಕೈ ಹಿಡಿದು, ಜನರ ಮೊಣಕಾಲು ದಾಟಿಕೊಂಡು, ವೇದಿಕೆಯ ಪಕ್ಕದ ಸಣ್ಣ ಬಾಗಿಲಿನತ್ತ ನಡೆದಳು. ಆ ಬಾಗಿಲಲ್ಲಿ ಹೋಗುವವರು ಅಲ್ಲಿಯ ಕೆಲಸಗಾರರು ಮಾತ್ರ.

ರಿಮ್ಮಾ ಮೂರು ಮಹಡಿ ಇಳಿದು ಓಡಿದಳು. ಆ ಹಾಳು ಷೂವನ್ನು ಅರ್ಧ ದಾರಿಯಲ್ಲೇ ಕೈಗೆ ತೆಗೆದುಕೊಂಡಳು.

ಆ ಸಣ್ಣ ಬಾಗಿಲು ತಳ್ಳಿ ಓಣಿಗೆ ನುಗ್ಗಿದರೆ ಒಳಗಿನ ಕೋಣೆಯೊಂದರ ಬಾಗಿಲು ತೆರೆದಿತ್ತು. ಉಲ್ಯಾ ಒಳಂಗಿಯಲ್ಲಿ, ಬರಿಗಾಲಲ್ಲಿ, ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಮಕ್ಕಳನ್ನು ಆರಿಸಲು ಬ್ಯಾಲೆ ಶಾಲೆಯಿಂದ ಬಂದಿದ್ದ ಮುದುಕಿಯೊಬ್ಬಳು ಅವಳ ಕಾಲನ್ನು ಪಕ್ಕದಿಂದ ಎತ್ತಿ ಕಿವಿಯ ಹತ್ತಿರ ತಂದಿದ್ದಳು. ನೋವಿಗೆ ಹುಡುಗಿಯ ಕಣ್ಣಲ್ಲಿ ನೀರು, ಮುಖದಲ್ಲಿ ಮಾತ್ರ ನಗು. ಅಂಥ ನಗುವನ್ನು ರಿಮ್ಮಾ ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ. ಅದನ್ನು ಕಂಡೇ ಅವಳಿಗೆ ಹೆಚ್ಚು ಸಿಟ್ಟು ಬಂದಿತು.

"ಪಾದ ಚೆನ್ನಾಗಿದೆ. ಬೆನ್ನೂ ಬಾಗುತ್ತೆ," ಅಂದಳು ಮುದುಕಿ. "ತಾಯಿ ಎಲ್ಲಿ?"

ಅತ್ತೆ ತಡವರಿಸಲೇ ಇಲ್ಲ. ತಾಯಿ ಬಂದಿಲ್ಲ, ಮಗುವಿನದು ಪೂರ್ತಿ ನಮ್ಮ ಕಡೆಯ ಮೈಕಟ್ಟು ಎಂದಳು.

"ಬಂದಿದೀನಿ," ಅಂದಳು ರಿಮ್ಮಾ.

ಬಾಲ್ಕನಿಯ ಟಿಕೆಟ್ಟಿನ ಗುಟ್ಟು ಅವಳಿಗೆ ಆಗ ತಿಳಿಯಿತು. ಮಗುವನ್ನು ಆರಿಸುವಾಗ ಶಾಲೆಯವರು ತಾಯಿಯ ಮೈಯನ್ನೂ ನೋಡುತ್ತಾರೆ, ನಾಳೆ ಮಗು ಹೇಗೆ ಬೆಳೆದೀತು ಅಂತ. ಮುದುಕಿ ಅವಳ ಎದೆ, ನಿತಂಬ, ಊದಿದ ಹಿಮ್ಮಡಿ ಎಲ್ಲವನ್ನೂ ಸಾವಕಾಶವಾಗಿ ನೋಡಿ, ಸ್ವಲ್ಪ ತಿರುಗಿ ನಿಂತ್ಕೊಳ್ಳಿ ಅಂದಳು. ಷೂ ಕೈಯಲ್ಲಿ ಹಿಡಿದುಕೊಂಡೇ ರಿಮ್ಮಾ ತಿರುಗಿದಳು.

"ಹೆರಿಗೆ ಆದ್ಮೇಲೆ ಹೀಗಾದ್ಲು," ಅಂದಳು ಅತ್ತೆ. "ಮೊದಲು ಸಣ್ಣಗೇ ಇದ್ಲು." ಹನ್ನೊಂದು ವರ್ಷದಲ್ಲಿ ಸೊಸೆಯ ಪರವಾಗಿ ಆಕೆ ಆಡಿದ ಮೊದಲ ಮಾತು ಅದು.

"ನಿಮ್ಮ ತಾಯಿ?" ಎಂದು ಮುದುಕಿ ರಿಮ್ಮಾಳನ್ನು ಕೇಳಿದಳು. "ಅವರ ಮೈ ಹೇಗಿತ್ತು?"

ರಿಮ್ಮಾಳ ತಾಯಿ ತಂತಿ ಕಾರ್ಖಾನೆಯಲ್ಲಿ ದುಡಿದು, ಮಗಳ ಮದುವೆಗೆ ಮುಂಚೆಯೇ ತೀರಿಕೊಂಡವಳು. ಕೊನೆಯ ದಿನದವರೆಗೂ ಕಡ್ಡಿಯಂತಿದ್ದಳು. ಅತ್ತೆ ಅವಳನ್ನು ನೋಡಿಯೇ ಇರಲಿಲ್ಲ.

"ನನ್ನ ಎರಡರಷ್ಟಿದ್ರು," ಅಂದಳು ರಿಮ್ಮಾ. "ನಮ್ಮ ಕಡೆ ಹೆಂಗಸರೆಲ್ಲ ಹಾಗೇ. ಹದಿಮೂರಕ್ಕೇ ಊದ್ಕೊಳ್ತೀವಿ."

ಮುದುಕಿ ಉಲ್ಯಾಳ ಕಾಲನ್ನು ಮೆಲ್ಲಗೆ ನೆಲಕ್ಕಿಳಿಸಿ, ಬಟ್ಟೆ ಹಾಕ್ಕೋ ಮಗು ಅಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, ನಿಮಗೆ ಇದೆಲ್ಲ ಗೊತ್ತಿರೋದೇ ಅಲ್ಲವೇ, ಸುಮ್ಮನೆ ಯಾಕೆ ಕರೆತಂದಿರಿ ಎಂದು ಕೇಳಿದಳು. ಅತ್ತೆಯ ಮುಖ ಸಪ್ಪಗಾದದ್ದನ್ನು ರಿಮ್ಮಾ ಕಣ್ತುಂಬ ನೋಡಿದಳು. ಗೆದ್ದಿದ್ದಳು. ಮಗಳು ಮನೆಯಲ್ಲೇ ಇರುತ್ತಾಳೆ, ಹೊಟ್ಟೆ ತುಂಬ ಉಣ್ಣುತ್ತಾಳೆ. ಅವಮಾನ ಎಷ್ಟಾದರೂ ಆಗಲಿ.

ಹೊರಗಿನ ಓಣಿಯಲ್ಲಿ ಉಲ್ಯಾ ಗೋಡೆಗೊರಗಿ ಷೂ ಹಾಕಿಕೊಳ್ಳುತ್ತಿದ್ದಳು. ಪಟ್ಟಿ ಬಿಗಿಯಲು ಅಮ್ಮ ಬಗ್ಗಿದರೆ ಕಾಲು ಹಿಂದೆಳೆದುಕೊಂಡಳು.

"ನಿನ್ನ ಅಮ್ಮ ದಪ್ಪ ಇರ್ಲಿಲ್ಲ," ಅಂದಳು.

ಬಾಯ್ಮುಚ್ಚು ಎಂದು ರಿಮ್ಮಾ ಪಿಸುಗುಟ್ಟಿದಳು. ಮುಂದೆ ಹೋಗುತ್ತಿದ್ದ ಅತ್ತೆ ನಿಂತಳು, ತಿರುಗಿ ಬಂದಳು.

"ನಿಂಗೆ ಹೇಗೆ ಗೊತ್ತು ಪುಟ್ಟಿ?"

ಉಲ್ಯಾ ಅಮ್ಮನ ಮುಖ ನೋಡಿದಳು. ಬೇಡ ಎಂದು ರಿಮ್ಮಾ ತಲೆಯಾಡಿಸಿದಳು. ಯಾರನ್ನೂ ಬೇಡದ ಆ ತಾಯಿ ಒಂಬತ್ತು ವರ್ಷದ ಹುಡುಗಿಯ ಮುಂದೆ ಬಗ್ಗಿ ಕೂತು ಕಣ್ಣಲ್ಲೇ ಅಂಗಲಾಚಿದಳು. ಹುಡುಗಿ ಕಣ್ಣು ಕೀಳದೆ ಅದನ್ನೆಲ್ಲ ನೋಡಿದಳು.

"ಫೋಟೋ ಇದೆ," ಅಂದಳು. "ಅಮ್ಮನ ಪರ್ಸಲ್ಲಿ."

ಎವೆಲಿನಾ ರೊಮಾನೊವ್ನ ಪರ್ಸಿಗಾಗಿ ಕೈ ಚಾಚಿದಳು. ರಿಮ್ಮಾಳ ಬೆನ್ನ ಹಿಂದೆ, ಮುದುಕಿಯಿದ್ದ ಆ ಕೋಣೆಯ ಬಾಗಿಲು ಇನ್ನೂ ತೆರೆದೇ ಇತ್ತು.