ಚೀಟಿಯಲ್ಲಿ ನಮ್ಮೂರಿನ ಹೆಸರು

ಮೂರನೆಯ ಸಭೆಯೂ ಜಗಳದಲ್ಲೇ ಮುಗಿಯಿತು. ನಮ್ಮ ತಂಗ್ನೋಕ್ ಊರಿನ ಹಿರಿಯರೊಬ್ಬರ ತಲೆಬುರುಡೆ ತೊಂಬತ್ತು ವರ್ಷಗಳಿಂದ ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದೆ, ಅಲ್ಲಿಯವರು ಅದನ್ನು ಹಿಂದಿರುಗಿಸಲು ಒಪ್ಪಿದ್ದಾರೆ ಎಂದು ತಿಳಿದ ಮೇಲೆ ಊರಿನಲ್ಲಿ ಬೇರೆ ಮಾತಿರಲಿಲ್ಲ. ಚರ್ಚಿನ ಹಿಂದೆ ಹೂಳಬೇಕೆಂದು ಪಾದ್ರಿ ಹೇಳಿದರು. ಪೂರ್ವಜರ ಹಳೆಯ ಕಲ್ಲುಗಳ ಬಳಿ ಇಡಬೇಕೆಂದು ಮುದುಕರು ಪಟ್ಟು ಹಿಡಿದರು. ಬರುವುದೇ ಬೇಡ ಎಂದವರು ನನ್ನ ಮಾವ, ಗಂಡನ ತಂದೆ ನೋಕ್ಲೆಮ್ ಒಬ್ಬರೇ. ನಮ್ಮ ಕುಲದಲ್ಲಿ ಎಲ್ಲರಿಗಿಂತ ಹಿರಿಯರು ಅವರು. ಅವರ ಒಪ್ಪಿಗೆ ಇಲ್ಲದೆ ತಲೆಬುರುಡೆ ಕೇಳುವ ಅರ್ಜಿ ಹೋಗುವಂತಿರಲಿಲ್ಲ. ಅರ್ಜಿ ಕಳಿಸಲು ಉಳಿದಿದ್ದು ಒಂದೇ ದಿನ.

ಬೆಳಿಗ್ಗೆ ಮೆತ್ನಾ ಅಕ್ಕ ಮನೆಗೆ ಬಂದಳು. ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಈಗ ಹಿರಿಯರನ್ನು ಊರಿಗೆ ತರುವ ಸಮಿತಿಯ ಪರವಾಗಿ ಊರೂರು ಸುತ್ತುತ್ತಾಳೆ. ಮಾವ ಒಲೆಯ ಪಕ್ಕ ಬುಟ್ಟಿಗೆ ಬೆತ್ತ ಸೀಳುತ್ತಿದ್ದರು.

"ಏನಜ್ಜ, ಸೂಜಿಗೆ ಹೆದರ್ತಿದ್ದೋರು ಈಗ ಕಾಗದಕ್ಕೂ ಹೆದರ್ತೀರಂತೆ?"

"ನಿನ್ ಸೂಜಿ ವಾಸಿ ಕಣೆ. ಕೂತ್ಕೊ, ಚಾ ಕುಡಿ. ಸಹಿ ಮಾತ್ರ ಕೇಳ್ಬೇಡ."

"ಆ ಹಿರಿಯರು ಬಂದ್ರೆ ಊರಿಗೆ ಕಾಯಿಲೆ ಬರತ್ತೆ ಅಂತಾನಾ?"

"ನಾನ್ ಹಂಗಂದಿಲ್ಲ. ಇಷ್ಟು ವರ್ಷ ಅಲ್ಲಿದ್ರು, ಇನ್ಮೇಲೂ ಇರ್ಲಿ. ಬಿಸಿಲಿಲ್ಲ, ಮಳೆಯಿಲ್ಲ."

"ನಂಬರ್ ಬರ್ದು ಡಬ್ಬೀಲಿ ಇಟ್ಟಿದಾರೆ. ಅಷ್ಟು ಸುಖ ಅನ್ಸಿದ್ರೆ ಹೇಳಿ, ಪಕ್ಕದ ಡಬ್ಬಿ ನಿಮಗೆ ಕೇಳ್ನೋಡ್ತೀನಿ."

ಮಾವ ಬೆತ್ತ ಸೀಳುತ್ತಲೇ ಇದ್ದರು. ಮೆತ್ನಾ ಅಕ್ಕ ಚೀಲದಿಂದ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. "ಫೋಟೊ ನಾನು ಯಾರಿಗೂ ತೋರ್ಸಲ್ಲ. ಅವರೂ ಮನುಷ್ಯರೇ. ಸಂಗ್ರಹಾಲಯದ ಚೀಟೀಲಿ ಏನಿದೆ ಅಂತ ಓದಮ್ಮ, ಅಜ್ಜ ಕೇಳಿಸ್ಕೊಳ್ಲಿ."

ಓದಿದೆ. ಗಂಡಸು. ತಂಗ್ನೋಕ್ ಊರು. ಯುವಕರು ಒಟ್ಟಿಗೆ ಮಲಗುವ ಊರಮನೆಯಿಂದ ತೆಗೆದುಕೊಂಡದ್ದು. ಎರಡೂ ಕಡೆ ಎಮ್ಮೆಯ ಕೊಂಬು, ಬೆತ್ತದಿಂದ ಬಿಗಿದಿದೆ.

ಬೆತ್ತ ಸೀಳುವ ಸದ್ದು ನಿಂತಿತು.

"ಕೊನೇ ಸಾಲು ಇನ್ನೊಂದ್ಸಲ ಓದು," ಎಂದಳು ಮೆತ್ನಾ ಅಕ್ಕ. ಓದಿದೆ.

ನಾವು ಕೊನ್ಯಾಕ್ ಬುಡಕಟ್ಟಿನವರು ಹಿಂದೆ ಸತ್ತ ನಮ್ಮವರ ತಲೆಯನ್ನು ಕಲ್ಲಿನ ಗುಡಾಣದಲ್ಲಿಟ್ಟು ಅನ್ನ ಹಾಕುತ್ತಿದ್ದೆವು. ಕೊಂಬು ಕಟ್ಟುತ್ತಿದ್ದುದು ಕಡಿದು ತಂದ ಶತ್ರುವಿನ ತಲೆಗೆ. ಮೂರು ಸಭೆಗಳಲ್ಲಿ ಎಲ್ಲರೂ ಊರಿನ ಹೆಸರಿಗೇ ನಿಂತು ಜಗಳವಾಡಿದ್ದರು. ಆ ಹೆಸರಿನಿಂದ ಮುಂದಕ್ಕೆ ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ.

"ನಿಮಗೆ ಗೊತ್ತಿತ್ತು, ಅಜ್ಜ."

ಮಾವ ಬೆತ್ತವನ್ನು ಪಕ್ಕಕ್ಕಿಟ್ಟರು. "ನಮ್ಮಪ್ಪ ತಂದಿದ್ದು. ನಾನು ಹುಟ್ಟೋಕೂ ಮೊದ್ಲು. ಎದುರು ಗುಡ್ಡದ ಲೋಂಗ್‌ಖಾದವನು. ಆಮೇಲೆ ಬಿಳಿ ದೊರೆ ಬಂದು ನಮ್ಮೂರಿಂದ ತಗೊಂಡೋದ, ನಮ್ಮೂರಿನ ಹೆಸರೇ ಬರ್ಕೊಂಡ."

"ಸಭೇಲಿ ಹೇಳ್ಬಹುದಿತ್ತಲ್ಲ."

"ಹೋದ ವರ್ಷ ಗಡಿ ಜಗಳಕ್ಕೆ ಎರಡೂರಿನವರೂ ಕೋವಿ ಹಿಡ್ಕೊಂಡು ನಿಂತಿದ್ರು. ಈಗ ಹೋಗಿ, ನಿಮ್ಮೋನ ತಲೆ ತೆಗ್ದೋನ ಮಗ ನಾನು ಅನ್ಲಾ?"

"ಹೇಳ್ದಿದ್ರೆ ಊರವರು ಅವನನ್ನ ಕೊಂದೋರ ಮಗ್ಗುಲಲ್ಲೇ ಹೂಳ್ತಾರೆ."

"ಅದಕ್ಕೇ ಅಲ್ವೇನೇ ಬೇಡ ಅಂದಿದ್ದು."

ನಾನು ಕಾಗದ ಮಡಿಸಿ ಮಾವನ ಮುಂದಿಟ್ಟೆ. "ಮಾವ, ಲಾರಿ ಕಣಿವೆಗೆ ಬಿದ್ದಾಗ ನಿಮ್ಮ ಮಗನ ಹೆಣ ಹೊತ್ತು ತಂದೋರು ಲೋಂಗ್‌ಖಾದವರು. ನಾಲ್ಕು ಜನ. ಊರ ಬಾಗಿಲ ಹೊರಗೇ ನಿಂತು ನೀರು ಕುಡಿದು ಹೋದ್ರು. ಅವರು ತರದೇ ಇದ್ದಿದ್ರೆ ನಾನು ಇನ್ನೂ ದಾರಿ ನೋಡ್ತಿರ್ತಿದ್ದೆ. ಆ ಸತ್ತೋನ ಮನೇಲಿ ತೊಂಬತ್ತು ವರ್ಷದಿಂದ ನೋಡ್ತಿದಾರೆ."

ಮಾವ ಎದ್ದು ಶಾಲು ಹೊದ್ದರು. ಮಚ್ಚು ತೆಗೆದುಕೊಂಡರು. ಮಚ್ಚಿಲ್ಲದೆ ಅವರು ಹೊಲಕ್ಕೂ ಹೋಗುವವರಲ್ಲ.

ಮೂವರೂ ಕಣಿವೆ ಇಳಿದು ಎದುರು ಗುಡ್ಡ ಹತ್ತುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಲೋಂಗ್‌ಖಾದ ಬಾಗಿಲಲ್ಲಿ ಕೂತಿದ್ದ ಗಂಡಸರು ನಮ್ಮನ್ನು ಕಂಡು ಎದ್ದು ನಿಂತರು. ಒಬ್ಬನ ಹೆಗಲಲ್ಲಿ ಕೋವಿಯಿತ್ತು. ಮಾವ ಮಚ್ಚನ್ನು ನೆಲಕ್ಕಿಟ್ಟರು. ನಿಂತಲ್ಲೇ ಎಲ್ಲ ಹೇಳಿದರು, ತಂದೆಯ ಹೆಸರನ್ನೂ ಬಿಡದೆ.

"ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು ಇವತ್ತು ಬಂದ್ಯಾ, ಮುದ್ಕ?" ಎಂದ ಕೋವಿಯವನು.

"ಹೂಂ. ತಡ ಮಾಡ್ದೆ. ಏನ್ ಮಾಡ್ತೀಯೋ ಮಾಡು."

ಅವನು ಹೆಗಲಿನಿಂದ ಕೋವಿ ಇಳಿಸಿದ. ಮೆತ್ನಾ ಅಕ್ಕ ನನ್ನ ತೋಳು ಹಿಡಿದಳು.

"ಇರೋ, ಜೋರು ಮಾಡ್ಬೇಡ." ಗುಂಪಿನ ಹಿಂದಿನಿಂದ ಬಂದವಳು ಯಿಂಗ್ಲೆಮ್ ಎಂಬ ಮುದುಕಿ. ಮಾವನ ಮುಖಕ್ಕೆ ಮುಖ ಕೊಟ್ಟು ನಿಂತಳು. "ಅವನು ನಮ್ಮಪ್ಪನ ಅಣ್ಣ. ಮುಂಡ ಮಾತ್ರ ಸಿಕ್ಕಿತ್ತು. ನಮ್ಮಜ್ಜಿ ಸಾಯೋವರ್ಗೂ ಖಾಲಿ ಗುಡಾಣಕ್ಕೇ ಅನ್ನ ಹಾಕ್ತಿದ್ಲು. ನಾನು ನಗ್ತಿದ್ದೆ, ಚಿಕ್ಕೋಳು. ಕಾಗದ ಎಲ್ಲಿ?"

ಮೆತ್ನಾ ಅಕ್ಕ ನಮ್ಮೂರಿನ ಹೆಸರು ಹೊಡೆದು ಲೋಂಗ್‌ಖಾ ಎಂದು ಬರೆದಳು. ಯಿಂಗ್ಲೆಮ್ ಸತ್ತವನ ಹೆಸರು ಹೇಳಿದಳು. ನ್ಯೆಮ್ಪಾ. ಸಾಕ್ಷಿಯ ಜಾಗದಲ್ಲಿ ಮಾವ ಹೆಬ್ಬೆಟ್ಟು ಒತ್ತಿದರು. ಕೋವಿಯವನು ಕೊನೆಯವರೆಗೂ ಕೂರಲಿಲ್ಲ. ಆದರೆ ಅರ್ಜಿಯನ್ನು ಪಟ್ಟಣಕ್ಕೆ ಒಯ್ದವನು ಅವನೇ.

ಓದುತ್ತಿರುವವರೇ, ನಿಮ್ಮ ಮನೆಯ ಹಿರಿಯರನ್ನು ಈ ವಾರವೇ ಕೂರಿಸಿಕೊಂಡು ಕೇಳಿ: ಯಾರನ್ನು ಒಯ್ದರು, ಎಲ್ಲಿಂದ, ಅವರು ಯಾರ ಮನೆಯವರು. ಹೇಳಿದ್ದನ್ನು ಬರೆದಿಡಿ, ನಾಚಿಕೆಯ ಮಾತನ್ನೂ ಬಿಡಬೇಡಿ. ಸಂಗ್ರಹಾಲಯದ ಚೀಟಿಯನ್ನು ಕೊನೆಯ ಸಾಲಿನವರೆಗೆ ಓದಿ, ಆಮೇಲೆ ಸಹಿ ಹಾಕಿ. ಊರಿನ ಹೆಸರು ತಪ್ಪಿದ್ದರೆ ಸಮಿತಿಗೆ ತಿಳಿಸಿ. ಬರುವವರು ನಿಮ್ಮವರಲ್ಲದಿದ್ದರೆ, ಅವರ ಮನೆಯವರಿಗೆ ನೀವೇ ಹೋಗಿ ಹೇಳಿ. ಸತ್ತವರು ಎಲ್ಲಿದ್ದಾರೆಂದು ಗೊತ್ತಿರುವುದು ಬದುಕಿರುವವರಿಗೆ ಬೇಕು. ಅದು ಗೊತ್ತಾದ ದಿನ ಮನೆಯಲ್ಲಿ ಮತ್ತೆ ಒಲೆ ಹಚ್ಚಲು ಮನಸ್ಸು ಬರುತ್ತದೆ. ಗಂಡನನ್ನು ಹೂತ ಮೇಲೆ ನಾನು ಹಚ್ಚಿದ್ದೇನೆ.