ಬೇಲಿಯೊಳಗಿನ ಸಮಾಧಿ

ಅಫಜಲಪುರದ ನೋಂದಣಿ ಕಚೇರಿಗೆ ಹೊರಡುವ ಮುಂಚೆ ಪತ್ರವನ್ನು ಪೂರ್ತಿ ಓದಿ ಹೇಳಬೇಕೆಂದು ಸುಂದರಬಾಯಿ ಹಟ ಹಿಡಿದರು. ವಕೀಲೆ ಶಾಂಭವಿ ಅತನೂರಿನ ಅವರ ಹೊಲದ ಬದುವಿನ ಮೇಲೆ ಕೂತು ಓದಿದಳು. ಸೌರ ವಿದ್ಯುತ್ ಕಂಪನಿಗೆ ನಾಲ್ಕು ಎಕರೆ, ಇಪ್ಪತ್ತೆಂಟು ವರ್ಷದ ಗುತ್ತಿಗೆ. ಕಂಪನಿಯ ಪರವಾಗಿ ಇಂಥ ಪತ್ರಗಳನ್ನು ಅವಳು ಅರವತ್ತಾದರೂ ಬರೆದಿದ್ದಳು. ಯಾವ ಹೆಂಗಸೂ ಕೊನೆಯವರೆಗೆ ಕೇಳಿದ್ದಿಲ್ಲ. ಗಂಡಸರು ತೋರಿಸಿದಲ್ಲಿ ಸಹಿ ಹಾಕಿ, ಸೆರಗು ಸರಿಪಡಿಸಿಕೊಂಡು ಎದ್ದುಹೋಗುತ್ತಿದ್ದರು.

ಹೊಲಕ್ಕೆಲ್ಲ ಬೇಲಿ, ಒಳಗೆ ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಷರತ್ತು ಬಂದಾಗ ಸುಂದರಬಾಯಿ ಕೈ ಎತ್ತಿ ತಡೆದರು. ಹೊಲದ ಮೂಲೆಯಲ್ಲಿ ಅವರ ಗಂಡ ಗುರುಲಿಂಗಪ್ಪನ ಸಮಾಧಿಯಿತ್ತು. ನಕ್ಷೆಯಲ್ಲಿ ಅದು ಬರೀ ಕಲ್ಲಿನ ಗುಂಪೆ. ಹಾಗೆ ಬರೆದವನು ಕಂಪನಿಯ ಸತೀಶಕುಮಾರ, ಬಂದು ನೋಡದೆ ಒಪ್ಪಿದವಳು ಶಾಂಭವಿ.

ಅಮಾವಾಸ್ಯೆಗೊಮ್ಮೆ ಗೇಟು ತೆಗೆಸೋಣ ಎಂದ ಸತೀಶಕುಮಾರ. ಇಷ್ಟಕ್ಕೆಲ್ಲ ಕೆಲಸ ಕೆಡಿಸಬೇಡವೆಂದು ಮಗ ಕಲ್ಲಿನಾಥ ತಾಯಿಯನ್ನು ಗದರಿದ.

"ಪೂಜೀದು ಬಿಡ್ರಿ, ಹೊರಗ ನಿಂತು ಕೈ ಮುಗೀತೇನಿ. ನನಗ ಎಪ್ಪತ್ತೊಂದು. ನಡುವ ನಾ ಸತ್ರ ನನ್ನ ಎಲ್ಲಿ ಇಡ್ತೀರಿ?"



ಶಾಂಭವಿಗೆ ಉತ್ತರ ಗೊತ್ತಿತ್ತು. ಗೇಟಿನ ಮುಂದೆ ಬಂದ ಹೆಣಕ್ಕೆ ಒಳಗೆ ಹೋಗುವ ಹಕ್ಕಿಲ್ಲ. ಪತ್ರದ ಆ ಸಾಲು ಅವಳೇ ಬರೆದದ್ದು. ಬಾಯಿಮಾತಿನ ಗೇಟು ಅಧಿಕಾರಿ ಬದಲಾದ ದಿನ ಮುಚ್ಚಿಕೊಳ್ಳುತ್ತದೆ. ತನ್ನನ್ನು ಎಲ್ಲಿ ಇಡುತ್ತಾರೆಂದು ಅವಳು ಎಂದೂ ಯೋಚಿಸಿರಲಿಲ್ಲ. ಅವಳ ಹೆಸರಿನಲ್ಲಿ ಒಂದು ಗುಂಟೆಯೂ ಇರಲಿಲ್ಲ. ಕಂಪನಿಯ ವಕೀಲೆ ಎದುರಿನವರಿಗೆ ಬುದ್ಧಿ ಹೇಳಬಾರದು.

"ಇವತ್ತು ಸಹಿ ಮಾಡಬ್ಯಾಡ್ರಿ, ಅವ್ವಾರ," ಎಂದಳು.

ಸತೀಶಕುಮಾರನ ಮುಖ ಕಪ್ಪಿಟ್ಟಿತು. ಶಾಂಭವಿ ಅವನನ್ನು ಪಕ್ಕಕ್ಕೆ ಕರೆದು, ನಾಳೆ ಊರೆಲ್ಲ ಹೆಣ ಇಟ್ಟುಕೊಂಡು ಗೇಟಿನ ಮುಂದೆ ಕೂತರೆ ಯಾರ ಹೆಸರು ಹಾಳಾಗುತ್ತದೆಂದು ಕೇಳಿದಳು. ಅವನು ಫೋನು ಹಿಡಿದು ಅರ್ಧ ಗಂಟೆ ಹೊಲದಲ್ಲಿ ಓಡಾಡಿದ. ಕೊನೆಗೆ ಬಂದು ಹೇಳಿದ: ಆ ಮೂಲೆ, ಅದಕ್ಕೊಂದು ದಾರಿ ಗುತ್ತಿಗೆಯಿಂದ ಬಿಡಬಹುದು. ನೋಂದಣಿ ಮುಂದಿನ ವಾರ.

ಬಿಡುವ ಜಾಗ ಅಳೆಯಲು ಟೇಪನ್ನು ಅವನು ಸಮಾಧಿಗೆ ಅಂಟಿಸಿಯೇ ಹಿಡಿದ. ಸುಂದರಬಾಯಿ ಅದರ ತುದಿಯನ್ನು ತಮ್ಮತ್ತ ಎಳೆದುಕೊಂಡರು.

"ನನ್ನ ಬಿಟ್ಟೇ ಅಳೀತೀರಲ್ಲರಿ ಸಾಹೇಬ್ರ. ಅಂಜಬ್ಯಾಡ್ರಿ, ಮಣ್ಣಾಗ ಕುಂಡ್ರು ಮಂದಿ ನಾವು, ಮಲಗಾವ್ರಲ್ಲ. ಭಾಳ ಜಾಗ ಹತ್ತಂಗಿಲ್ಲ."

ಕಲ್ಲಿನಾಥ ಬಂದು ತಾಯಿಯ ಕೈಯಿಂದ ತುದಿ ತೆಗೆದುಕೊಂಡ. ಸಮಾಧಿಯಿಂದ ಇನ್ನೂ ಎರಡು ಹೆಜ್ಜೆ ಆಚೆ ಹೋಗಿ ಅದನ್ನು ಕಾಲಲ್ಲಿ ಮೆಟ್ಟಿ ನಿಂತ. ದಾರಿ ಎಷ್ಟು ಅಗಲ ಬೇಕೆಂದು ಶಾಂಭವಿ ಕೇಳಿದಾಗ ಅವನ ದನಿ ಸಣ್ಣದಾಗಿತ್ತು: ಹೆಗಲು ಕೊಟ್ಟವರು ನಡೆಯುವಷ್ಟು.

"ಎಂಟಡಿ ಬರಕೋರಿ," ಎಂದರು ಸುಂದರಬಾಯಿ. "ಇಂವ ಈಗ್ಲೇ ಹೊಟ್ಟಿ ಬಿಟ್ಟಾನ."

ಶಾಂಭವಿ ಎಂಟು ಅಡಿ ಎಂದು ಬರೆದುಕೊಂಡಳು.