ಬಗ್ಗಿಸಿ ಅಂಟಿಸುವ ಪಟ್ಟಿ

ನನ್ನ ಯಜಮಾನರು ತೀರಿಕೊಂಡು ಎರಡು ತಿಂಗಳು ತುಂಬುವ ಮೊದಲೇ ನನ್ನ ಮೈದುನ ತನ್ನ ಹತಾರಗಳ ಪೆಟ್ಟಿಗೆಯನ್ನು ತಂದು ನಮ್ಮ ಮುಂದಿನ ಕೋಣೆಯ ಮೇಜಿನ ಮೇಲೆ ಇಟ್ಟ. ಅಲ್ಲಿ ಯಜಮಾನರ ಕನ್ನಡಕವಿತ್ತು. ಅದನ್ನು ಮೊಣಕೈಯಿಂದ ಆಚೆ ಸರಿಸಿದ.

"ಅತ್ತಿಗೆ, ಇನ್ನು ಈ ಕೋಣೆ ನಾನು ನೋಡ್ಕೋತೀನಿ. ನೀವು ಒಳಗೆ ಕೂತು ದೇವರ ಧ್ಯಾನ ಮಾಡಿ. ನಿಮಗೂ ಪುಣ್ಯ, ನನಗೂ ನೆಮ್ಮದಿ."

"ಧ್ಯಾನ ಯಾವಾಗ ಮಾಡಬೇಕು ಅಂತ ನಿನ್ನ ಹತ್ರ ಕೇಳ್ಕೊಂಡು ಬರಬೇಕಾಗಿಲ್ಲ" ಅಂದೆ.

"ಕೇಳಿ ಅಂತ ನಾನೆಲ್ಲಿ ಹೇಳಿದೆ? ಒಳಗೆ ಕೂತ್ಕೊಳ್ಳಿ ಅಂದೆ, ಅಷ್ಟೇ."

ಮನೆ ಅಣ್ಣತಮ್ಮಂದಿರಿಬ್ಬರ ತಂದೆಯದು. ಆಚೆ ನಡೆ ಎನ್ನುವ ಹಕ್ಕು ನನಗಿರಲಿಲ್ಲ. ಆ ಕೋಣೆಯಲ್ಲಿ ಯಜಮಾನರು ಮೂವತ್ತೆರಡು ವರ್ಷ ಕೈಗಡಿಯಾರದ ಪಟ್ಟಿ, ಮುಂಗೈ ಪಟ್ಟಿಗಳನ್ನು ಮಾಡಿದ್ದರು. ಮೈದುನ ಅಷ್ಟೂ ವರ್ಷ ಸೊಂಟದ ಬೆಲ್ಟು ಮಾಡುವ ಕಾರ್ಖಾನೆಯಲ್ಲಿದ್ದ. ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ ಬೆಲ್ಟಣ್ಣ ಎಂದು. ಅವನ ಕತ್ತಿ ಹಾದುಹೋದ ಚರ್ಮ ದಾರ ಹಿಡಿದಂತೆ ನೆಟ್ಟಗಿರುತ್ತಿತ್ತು, ಸುಳ್ಳು ಹೇಳಬಾರದು.

ಮರುದಿನ ಗಡಿಯಾರದಂಗಡಿಯವರು ಬಂದರು. ನಮ್ಮ ಪಟ್ಟಿಗಳನ್ನು ಕೊಳ್ಳುತ್ತಿದ್ದವರು ಅವರೊಬ್ಬರೇ. ಯಜಮಾನರು ಹಾಸಿಗೆ ಹಿಡಿಯುವ ಮುಂಚಿನ ವಾರ ಎರಡು ಡಜನ್ ಪಟ್ಟಿಗಳಿಗೆ ಚರ್ಮ ಕತ್ತರಿಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಅವರ ಕೈಯ ಕಡೆಯ ಕೆಲಸ ಅದು.

"ಅದನ್ನ ಮುಗಿಸಿಕೊಡಿ" ಎಂದರು ಅಂಗಡಿಯವರು. "ಮೊದಲಿನ ಹಾಗೇ ಬಂದರೆ ಕೆಲಸ ಈ ಮನೇಲೇ ಇರುತ್ತೆ. ಇಲ್ಲದಿದ್ರೆ ನಾನು ಬೇರೆ ಬಾಗಿಲು ನೋಡ್ಕೋಬೇಕು."

"ಸೊಂಟ ಸುತ್ತೋದು ಮಾಡಿದವನಿಗೆ ಕೈ ಸುತ್ತೋದು ಯಾವ ಲೆಕ್ಕ?" ಎಂದ ಮೈದುನ.

ಆ ಕೆಲಸದಲ್ಲಿ ಅರ್ಧ ನನ್ನದೆಂಬುದು ಅಂಗಡಿಯವರಿಗೂ ಗೊತ್ತಿರಲಿಲ್ಲ, ಮೈದುನನಿಗೂ ಗೊತ್ತಿರಲಿಲ್ಲ. ನಾವು ಬಚ್ಚಿಟ್ಟಿದ್ದಲ್ಲ; ಯಾರೂ ಕೇಳಿರಲಿಲ್ಲ. ಪಟ್ಟಿಯೊಂದಕ್ಕೆ ಮೂರು ಪದರ: ಮೇಲೆ ಗಟ್ಟಿ ಚರ್ಮ, ನಡುವೆ ತುಂಬಲು ತೆಳುವಾದ ಇನ್ನೊಂದು ಚರ್ಮ, ಕೆಳಗೆ ಮೈಗೆ ತಾಗುವ ಮೆತ್ತನೆಯ ಚರ್ಮ. ಕತ್ತರಿಸುವುದು, ಹೊಲಿಯುವುದು, ಅಂಚಿಗೆ ಮೇಣ ತಿಕ್ಕುವುದು ಯಜಮಾನರದು. ಪದರಗಳನ್ನು ಕೂಡಿಸುವುದು ನನ್ನದು, ಒಳಗಿನ ಕೋಣೆಯ ಕಿಟಕಿಯ ಬಳಿ. ಮುರಿದ ಕುರ್ಚಿಯ ಕಾಲೊಂದನ್ನು ಅವರು ಮನುಷ್ಯನ ಮುಂಗೈ ದಪ್ಪಕ್ಕೆ ಉಜ್ಜಿ ಕೊಟ್ಟಿದ್ದರು. ಅದರ ಮೇಲೆ ಬಗ್ಗಿಸಿಯೇ ಅಂಟಿಸಬೇಕು. ಬಗ್ಗಿದಾಗ ಮೇಲಿನ ಪದರಕ್ಕೆ ದೊಡ್ಡ ಸುತ್ತು, ಒಳಗಿನದಕ್ಕೆ ಸಣ್ಣ ಸುತ್ತು. ಅದಕ್ಕಾಗಿ ಅವರು ಮೇಲಿನ ಪದರವನ್ನು ಒಂದಿಷ್ಟು ಉದ್ದ ಬಿಡುತ್ತಿದ್ದರು. ಬೆಲ್ಟು ಹಾಗಲ್ಲ. ಅದನ್ನು ಹಲಗೆಯ ಮೇಲೆ ಮಲಗಿಸಿ, ಭಾರ ಹೇರಿ ಅಂಟಿಸುತ್ತಾರೆ.

ಮೈದುನ ಬಟ್ಟೆಯ ಗಂಟು ಬಿಚ್ಚಿದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಿಬಿಡೋಣವೆಂದೇ ಬಂದಿದ್ದೆ. ದೇವರ ಮುಂದೆ ಕೂತಾಗ ಬಂದ ಬುದ್ಧಿ ಅದು: ಇವನೂ ಅವರ ಒಡಹುಟ್ಟಿದವನೇ, ಕೆಲಸ ಮನೆ ಬಿಟ್ಟು ಹೋದರೆ ಯಾರಿಗೆ ಸುಖ?

ಅವನು ಒಂದು ಮೇಲ್ಪದರವನ್ನೂ ಒಂದು ಒಳಪದರವನ್ನೂ ಜೋಡಿಸಿ ಬೆಳಕಿಗೆ ಹಿಡಿದ. ಇನ್ನೊಂದನ್ನು ಹಿಡಿದ. ಆಮೇಲೆ ನಕ್ಕ.

"ನೋಡಿ ಅತ್ತಿಗೆ ನಿಮ್ಮ ಯಜಮಾನರ ಕೆಲಸ. ಒಂದಾದ್ರೂ ಸಮ ಇದೆಯಾ? ಪಾಪ, ಕಣ್ಣು ಹೋಗಿತ್ತು. ಹೇಳಿದ್ರೆ ನಾನೇ ಬಂದು ಕತ್ತರಿಸಿ ಕೊಡ್ತಿದ್ದೆ. ಹೇಳೋಕೆ ಜಂಬ."

ನನ್ನ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು.

ಅವನು ಅಳತೆಪಟ್ಟಿ ಇಟ್ಟು, ಉದ್ದ ಬಿಟ್ಟಿದ್ದನ್ನೆಲ್ಲ ಸರಕ್ಕನೆ ಕತ್ತರಿಸತೊಡಗಿದ. ಎಳೆ ಎಳೆಯಾಗಿ ಚೂರುಗಳು ನೆಲಕ್ಕೆ ಬಿದ್ದವು. ನಾನು ಒಳಗೆ ಬಂದು, ಮೇಜಿನ ತುದಿಯಲ್ಲಿದ್ದ ಒಂದು ಪಟ್ಟಿಯ ಮೂರೂ ಪದರದ ಚರ್ಮವನ್ನು ಮಾತ್ರ ಎತ್ತಿಕೊಂಡೆ.

"ಅದ್ಯಾಕೆ?"

"ನೆನಪಿಗೆ."

"ಇಟ್ಕೊಳ್ಳಿ. ಸೊಟ್ಟಗಿರೋದು ಒಂದಾದ್ರೂ ಇರಲಿ."

ಅದು ನೆನಪಿಗಲ್ಲ ಎಂದು ನನ್ನ ಮನಸ್ಸಿಗೆ ಆಗಲೇ ಗೊತ್ತಿತ್ತು. ಅವನ ಮುಖಕ್ಕೆ ಹಿಡಿಯಲು ನನಗೊಂದು ಸಾಕ್ಷಿ ಬೇಕಾಗಿತ್ತು.

ನಾಲ್ಕು ದಿನ ಅವನು ಅಂಟಿಸಿದ, ಹೊಲಿದ, ತಿಕ್ಕಿದ. ನಾನು ನೀರು ಕೊಡುವ ನೆಪದಲ್ಲಿ ಹೋಗಿ ನೋಡುತ್ತಿದ್ದೆ. ಹಲಗೆಯ ಮೇಲೆ ಪಟ್ಟಿಗಳು ಚಪ್ಪಟೆಯಾಗಿ ಮಲಗಿದ್ದವು, ಮೇಲೆ ಕಬ್ಬಿಣದ ತುಂಡು. ನನ್ನ ಹೊಟ್ಟೆಯಲ್ಲಿ ಒಂದು ಬಗೆಯ ತಣ್ಣನೆಯ ಸಂತೋಷವಿತ್ತು. ಆ ನಾಲ್ಕು ದಿನವೂ ಪ್ರಾರ್ಥನೆಗೆ ಕೂತೆ. ನಾಲಿಗೆ ಹೊರಳಿತೇ ಹೊರತು ಒಳಗಿನಿಂದ ಏನೂ ಹೊರಡಲಿಲ್ಲ.

ಐದನೆಯ ದಿನ ಅಂಗಡಿಯವರು ಬಂದರು. ಮೇಜಿನ ಮೇಲೆ ಪಟ್ಟಿಗಳು ಸಾಲಾಗಿದ್ದವು. ನೋಡಲು ಬಲು ಚೆಂದ. ಹೊಲಿಗೆ ಒಂದೂ ಅತ್ತಿತ್ತ ಸರಿದಿರಲಿಲ್ಲ. ಅವರು ಒಂದನ್ನು ಎತ್ತಿ ತಮ್ಮ ಕೈಗೆ ಸುತ್ತಿ ಬಿಚ್ಚಿದರು. ಒಳಗಿನ ಚರ್ಮ ಮುದುಕರ ಕತ್ತಿನ ಹಾಗೆ ನೆರಿಗೆಗಟ್ಟಿತ್ತು. ಇನ್ನೊಂದನ್ನು ಸುತ್ತಿದರು, ಅದರ ತುದಿ ಬಾಯಿ ಬಿಟ್ಟಿತು.

"ಇದನ್ನ ಕಟ್ಕೊಂಡೋರು ಸಂಜೆಗೆ ಬಂದು ನನ್ನ ಅಂಗಡಿ ಮುಂದೆ ನಿಲ್ತಾರೆ" ಎಂದರು.

ಮೈದುನ ಕೆಂಪಾದ. ತಪ್ಪು ಎಲ್ಲಿದೆಯೆಂದು ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ.

"ಅಂಟು ನನ್ನದು, ಹೊಲಿಗೆ ನನ್ನದು, ಎರಡಕ್ಕೂ ಮಾತಿಲ್ಲ. ಚರ್ಮವೇ ಸತ್ತಿದೆ. ಅಣ್ಣ ಕಡೆಗಾಲದಲ್ಲಿ ಕಂಡಕಂಡದ್ದನ್ನ ತಂದು ಹೇಗೆಂದರೆ ಹಾಗೆ ಕತ್ತರಿಸಿದ್ದಾನೆ. ನಾನೇನು ಮಾಡ್ಲಿ?"

ನಾನು ಒಳಗೆ ಹೋಗಿ ಕುರ್ಚಿಯ ಕಾಲನ್ನೂ ಎತ್ತಿಟ್ಟಿದ್ದ ಚರ್ಮವನ್ನೂ ತಂದು ಮೇಜಿನ ಮೇಲೆ ಹಾಕಿದೆ.

"ಸ್ವಲ್ಪ ಜರುಗು" ಅಂದೆ.

"ಅತ್ತಿಗೆ, ದೊಡ್ಡೋರು ವ್ಯವಹಾರ ಮಾತಾಡುವಾಗ..."

"ನಾನು ನಿನಗಿಂತ ಆರು ವರ್ಷ ದೊಡ್ಡೋಳು. ಜರುಗು."

ಅಂಟು ಸವರಿದೆ. ಬೆರಳಿಗೆ ಹತ್ತದಷ್ಟು ಆರುವವರೆಗೆ ಕಾದೆ. ಒಳಪದರವನ್ನು ಮರಕ್ಕೆ ಸುತ್ತಿ, ನಡುವಿನ ಪದರವನ್ನು ಅದರ ಮೇಲೆ ಕೂಡಿಸಿ, ಮೇಲ್ಪದರವನ್ನು ಒಂದು ತುದಿಯಿಂದ ಹಿಡಿದು ಹೆಬ್ಬೆರಳಲ್ಲಿ ಒತ್ತುತ್ತಾ ಬಂದೆ. ಉದ್ದ ಬಿಟ್ಟಿದ್ದು ಇನ್ನೊಂದು ತುದಿಗೆ ಸರಿಯಾಗಿ ಬಂದು ಕೂತಿತು. ಬಿಚ್ಚಿ ಅಂಗಡಿಯವರ ಕೈಗೆ ಕೊಟ್ಟೆ. ಅವರು ಬಗ್ಗಿಸಿದರು, ನೆಟ್ಟಗೆ ಮಾಡಿದರು, ಮತ್ತೆ ಬಗ್ಗಿಸಿದರು. ಒಂದು ಗೆರೆಯೂ ಏಳಲಿಲ್ಲ.

"ಚರ್ಮ ಸತ್ತಿಲ್ಲ. ಕತ್ತರಿಸಿದವರ ಕಣ್ಣೂ ಹೋಗಿರಲಿಲ್ಲ" ಅಂದೆ.

ಮೈದುನ ಮೇಜಿನ ಕೆಳಗೆ ಇನ್ನೂ ಬಿದ್ದಿದ್ದ ಚೂರುಗಳನ್ನು ನೋಡಿದ. ಅವನು ದಡ್ಡನಲ್ಲ, ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ಆಮೇಲೆ ನನ್ನ ಕಡೆ ತಿರುಗಿದ.

"ನಾನು ಕತ್ತರಿಸುವಾಗ ನೀವು ಇಲ್ಲೇ ನಿಂತಿದ್ರಿ."

"ನಿಂತಿದ್ದೆ."

"ನಾಲ್ಕು ದಿನ ನೀರು ತಂದುಕೊಟ್ರಿ."

"ಹೂಂ."

"ನನ್ನ ಮೇಲೆ ಸಿಟ್ಟಿದ್ರೆ ಕತ್ತು ಹಿಡಿದು ನೂಕಬೇಕಿತ್ತು. ನಾನು ಗೊತ್ತಿಲ್ದೆ ಹಾಳು ಮಾಡ್ದೆ ಅತ್ತಿಗೆ. ನೀವು ಗೊತ್ತಿದ್ದೂ ಮಾಡಿಸಿದ್ರಿ. ಅಣ್ಣ ಕೈಯಾರೆ ಕತ್ತರಿಸಿದ್ದು ಇನ್ನು ಬರುತ್ತಾ?"

ಇಪ್ಪತ್ತಮೂರು ಪಟ್ಟಿಗಳು ಮೇಜಿನ ಮೇಲೆ ಬಿದ್ದಿದ್ದವು. ಅವನಿಗೆ ಅವಮಾನವಾಗಲೆಂದು ನಾನು ತೆತ್ತದ್ದು ಅವನ ಕೆಲಸವಲ್ಲ, ನನ್ನವರ ಕಡೆಯ ಕೆಲಸ.

ಅಂಗಡಿಯವರು ಎದ್ದರು. ಅವರಿಗೆ ನಮ್ಮ ಮನೆಯ ಜಗಳ ಬೇಕಿರಲಿಲ್ಲ.

"ಅಂಟಿಸೋದು ನಿಮಗೆ ಬರುತ್ತೆ. ಕತ್ತರಿಸೋದು ಬರುತ್ತೇನಮ್ಮಾ?"

"ಇಲ್ಲ" ಅಂದೆ. ಕತ್ತಿ ನಾನು ಹಿಡಿದವಳೇ ಅಲ್ಲ.

"ಹಾಗಾದ್ರೆ ಇಬ್ಬರೂ ಕೂತ್ರೆ ಮಾತ್ರ ಹೊಸ ಚರ್ಮ ಕಳಿಸ್ತೀನಿ. ಒಬ್ಬರನ್ನೇ ನಂಬಿ ನಾನು ಕೆಡಲಾರೆ."

ಆ ಸಂಜೆ ದೇವರ ಮುಂದೆ ಕೂತು ಇದ್ದದ್ದನ್ನು ಇದ್ದಂತೆ ಹೇಳಿಕೊಂಡೆ. ಮೈದುನನನ್ನು ಕ್ಷಮಿಸಿದೆನೆಂದು ಹೇಳಲು ಹೋಗಲಿಲ್ಲ. ಅಲ್ಲಿ ಸುಳ್ಳು ನಡೆಯುವುದಿಲ್ಲ. ನಾನು ಸುಮ್ಮನಿದ್ದದ್ದನ್ನು ಮಾತ್ರ ಒಪ್ಪಿಕೊಂಡೆ.

ಮೂರನೆಯ ದಿನ ಚರ್ಮ ಬಂತು. ಮೇಜಿನ ಒಂದು ತುದಿಗೆ ಅವನು, ಇನ್ನೊಂದು ತುದಿಗೆ ನಾನು. ಅವನು ಮೊದಲ ಜೋಡಿ ಕತ್ತರಿಸಿ, ನನ್ನ ಮುಖ ನೋಡದೆ ಈಚೆ ತಳ್ಳಿದ. ಮೇಲಿನ ಪದರ ಬೇಕಾದ್ದಕ್ಕಿಂತ ಕೂದಲಿನಷ್ಟು ಗಿಡ್ಡವಾಗಿತ್ತು. ಹಾಗೇ ಅಂಟಿಸಿದ್ದರೂ ಮೊದಲ ದಿನ ಯಾರಿಗೂ ಕಾಣುತ್ತಿರಲಿಲ್ಲ.

"ಇದು ಸಾಲದು" ಅಂದೆ.

ಅವನ ಕತ್ತಿ ನಿಂತಿತು. "ಈಗ ಬಾಯಿ ಬಂತಾ, ಅತ್ತಿಗೆ?"

"ಬಂತು. ಇನ್ನೊಂದು ಕತ್ತರಿಸು."